ಮೂರನೇ ಕೂಗು

"ಯಾರು ತೀರ್ಕೊಂಡ್ರಿ?"

ಹೊಲಿಗೆ ಮಿಷನ್ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದ ಸೌಭಾಗ್ಯ, ಕೇಳಿದವರು ಯಾರೆಂದು ನೋಡಲೂ ಇಲ್ಲ.

"ನಿಶಾಂತ..." ಎಂದಳು. "ನಿಶಾಂತ ಹೋಗ್ಬುಟ್ಟ... ಒಬ್ನೇ ಇದ್ದ, ಒಬ್ನೇ ಹೋದ..."

ಕೇಳಿದವನು ಶಶಿಧರ್. ಆಂಧ್ರದ ಗಡಿಯೂರು ರಾಯದುರ್ಗದ ಆ ಜೀನ್ಸ್ ಶೆಡ್ಡಿನಲ್ಲಿ ಗುಂಡಿಗೆ ಕಾಜಾ ಹಾಕುವ ಮಿಷನ್ ಅವನದು. ಬೊಮ್ಮನಹಾಳ್ ಕಡೆಯವನು, ಕೆಲಸಕ್ಕೆ ಸೇರಿ ವಾರವೂ ಆಗಿರಲಿಲ್ಲ. ಎಲ್ಲರೂ ಹೊರಗೆ ಬೇವಿನ ಮರದಡಿ ಊಟಕ್ಕೆ ಕುಳಿತಿದ್ದಾಗ, ಒಳಗೆ ಮರೆತ ನೀರಿನ ಬಾಟಲಿಗೆ ಬಂದು ಈ ಅಳು ಕೇಳಿ ನಿಂತಿದ್ದ.

ಅವನು ಬಾಟಲಿ ಅಲ್ಲೇ ಬಿಟ್ಟು ಹೊರಗೆ ಓಡಿದ!

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಶೆಡ್ಡಿನ ಹೆಂಗಸರೆಲ್ಲ ಅವಳ ಸುತ್ತ ನೆರೆದಿದ್ದರು. ಒಬ್ಬಳು ಬೆನ್ನು ಸವರಿದಳು, ಒಬ್ಬಳು ನೀರು ಕುಡಿಸಿದಳು. ಮೇಸ್ತ್ರಿ ಬಂದು, "ಅಯ್ಯೋ ಪಾಪಂ... ತಮ್ಮುಡಾ?" ಎಂದು ತೆಲುಗಿನಲ್ಲಿ ಮರುಗಿದ. ಗೇಟಿನ ಹತ್ತಿರ ಆಟೋ ಬೇರೆ ಬಂದು ನಿಂತಿತು.

"ಏಳ್ರಿ," ಎಂದ ಶಶಿಧರ್, ಏದುಸಿರು ಬಿಡುತ್ತ. "ಈಗ ಹೊಂಟ್ರ ಮಡಕಶಿರಾಕ್ಕ ಹೊತ್ತು ಮುಳುಗೋದ್ರಾಗ ಮುಟ್ಟತೀರಿ. ಬಸ್‌ಸ್ಟ್ಯಾಂಡ್ ತನಕ ನಾನೂ ಬರ್ತೀನಿ. ಧೈರ್ಯ ತಗೋರಿ."

ಸೌಭಾಗ್ಯಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಯಾರೂ ಸತ್ತಿಲ್ಲ," ಎಂದಳು ಕೊನೆಗೆ. "ಅದು... ಕಥೆ. ಫೋನಲ್ಲಿ ಓದ್ತಿದ್ದೆ. ನಿಶಾಂತ ಅಂದ್ರೆ ಕಥೇಲಿ ಬರೋ ರಾಜ."

ಆಮೇಲೆ ಎದ್ದಿತು ನೋಡಿ ನಗು! ಆಟೋದವನು ಕೂಡ ಸ್ಟೇರಿಂಗ್ ಬಡಿದು ನಕ್ಕ. ನಗದೆ ನಿಂತವನು ಒಬ್ಬನೇ, ಶಶಿಧರ್.

"ನಾನೇನು ನಿಮ್ಮನ್ನ ಕರೆದಿದ್ನಾ?" ಅವಳು ಅವನ ಮೇಲೆ ಹರಿಹಾಯ್ದಳು. ಜೀನ್ಸ್ ಬಟ್ಟೆಯ ನೀಲಿ ಹತ್ತಿದ ಬೆರಳುಗಳಿಂದ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ನೀಲಿಯಾಗಿತ್ತು. "ಊರಿಗೆಲ್ಲ ಡಂಗುರ ಸಾರಿದ್ರಲ್ಲ!"

"ಅಲ್ರಿ..." ಅವನು ತಲೆ ತಗ್ಗಿಸಿದ. "ನಮ್ಮವ್ವ ಸತ್ತಾಗ ನಾನು ಹಂಗ ಅತ್ತಿದ್ದೆ. ಅದಕ್ಕ... ಖರೇನ ಅನ್ಕೊಂಡೆ."

ಬೈಯಲು ಹೊರಟವಳು, ಅವನು ಬಿಟ್ಟಿದ್ದ ನೀರಿನ ಬಾಟಲಿ ಎತ್ತಿ ಅವನ ಕೈಗೆ ಕೊಟ್ಟಳು.

ಸೌಭಾಗ್ಯ ಮಡಕಶಿರಾ ಸೀಮೆಯ ರತ್ನಗಿರಿಯವಳು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕಲಿತು, ಕೊರೋನಾ ಕಾಲದಲ್ಲಿ ಊರಿಗೆ ಬಂದು, ಆ ವರ್ಷವೇ ಅವ್ವನನ್ನು ಕಳೆದುಕೊಂಡವಳು. ದೂರದ ಅತ್ತೆ ಕದರಮ್ಮ ರಾಯದುರ್ಗದಲ್ಲಿ ಇದ್ದುದರಿಂದ ಇಲ್ಲಿಗೆ ಬಂದಳು. ಕದರಮ್ಮ ಅದೇ ಶೆಡ್ಡಿನಲ್ಲಿ ದಾರ ಕತ್ತರಿಸುವವಳು. ಅವಳ ಮನೆಯ ಹಿತ್ತಲ ಕೋಣೆಯೇ ಸೌಭಾಗ್ಯಳ ವಾಸ. ದಿನವಿಡೀ ಪ್ಯಾಂಟುಗಳ ಹಿಂದಿನ ಜೇಬು ಹೊಲಿಯುವುದು, ಸಂಜೆ ಕೋಣೆ ಸೇರಿ ಒಂದು ಮುದ್ದೆ ತಿರುವಿಕೊಂಡು ಉಣ್ಣುವುದು. ಆಮೇಲೆ ಫೋನು.

ಫೋನಿನಲ್ಲಿ 'ಇದ್ದಿಲ ಕೋಟೆ' ಇತ್ತು.

ಅದು ಕಂತುಕಂತಾಗಿ ಬರುವ ಕತ್ತಲೆಯ ಕಥೆ. ನಿಶಾಂತ ಎಂಬ ರಾಜ ಮುಟ್ಟಿದ್ದೆಲ್ಲ ಇದ್ದಿಲಾಗುತ್ತದೆ. ಹಾಗಾಗಿ ಯಾರನ್ನೂ, ತನ್ನನ್ನು ಪ್ರೀತಿಸಿ ಬಂದ ಹುಡುಗಿಯನ್ನೂ ಮುಟ್ಟದೆ ಬೆಟ್ಟದ ಮೇಲಿನ ಕೋಟೆಯಲ್ಲಿ ನೂರಾರು ವರ್ಷ ಒಬ್ಬನೇ ಇರುತ್ತಾನೆ. ಕೋಟೆಯ ಸುತ್ತ ನೆರಳುಗಳು ಓಡಾಡುತ್ತವೆ. ನೀವು ಕಳೆದುಕೊಂಡವರ ದನಿಯಲ್ಲೇ ಅವು ನಿಮ್ಮನ್ನು ಹಿಂದಿನಿಂದ ಕರೆಯುತ್ತವೆ. ತಿರುಗಿದರೆ ಮುಗಿಯಿತು!

ಓದುವಾಗ ಸೌಭಾಗ್ಯಳ ಕಣ್ಣ ಮುಂದೆ ಬರುತ್ತಿದ್ದುದು ತನ್ನೂರು ರತ್ನಗಿರಿಯ ಕೋಟೆಯೇ. ಆಡು ಮೇಯುವ ಆ ಮುರಿದ ಗೋಡೆಗಳ ಮೇಲೆ ನಿಶಾಂತ ಕೂತಿರುತ್ತಿದ್ದ.

"ಅದೇನು ದರಿದ್ರ ಕಥಿನೇ! ದೀಪ ಹಚ್ಚೋ ಹೊತ್ನಾಗ ದೆವ್ವ ಪಿಶಾಚಿ ಓದ್ಕೋತ ಕುಂದರ್ತೀಯಲ್ಲ," ಎಂದು ಕದರಮ್ಮ ಬೈಯದ ದಿನವಿಲ್ಲ. ಸೌಭಾಗ್ಯ ನಕ್ಕು ಸುಮ್ಮನಾಗುತ್ತಿದ್ದಳು.

ಇನ್ನೊಂದು ವಿಷಯ ಹೇಳಬೇಕು. ಅವ್ವ ಹೋದ ಮೇಲೆ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಅಪ್ಪ ಮರುಳಪ್ಪನಿಗೆ ಅವಳು 'ಮಗಾ'. ಕದರಮ್ಮನಿಗೆ 'ಏನೇ'. ಶೆಡ್ಡಿಗೆಲ್ಲ 'ಮಡಕಶಿರಾ'. "ಏ ಮಡಕಶಿರಾ, ಜೇಬಿನ ಬಂಡಲ್ ಕೊಡು!" 'ಸೌಭಾಗ್ಯಾ' ಎಂದು ಕೊನೆಯಕ್ಷರ ಎಳೆದು ಕರೆಯುತ್ತಿದ್ದವಳು ಅವ್ವ ಒಬ್ಬಳೇ.

ಅದೇ ಅವ್ವನ ಒಂದು ಕಟ್ಟಳೆಯಿತ್ತು. "ಮುಸ್ಸಂಜೆ ಆದ್ಮೇಲೆ ಹಿಂದ್ಲಿಂದ ಯಾರಾದ್ರೂ ಕೂಗಿದ್ರೆ ಓ ಅನ್ಬೇಡ, ತಿರುಗ್ಲೂಬೇಡ. ಮೂರನೇ ಕೂಗಿಗೆ ಓ ಅನ್ನು. ದೆವ್ವ ಮೂರು ಸಲ ಕೂಗಲ್ಲ, ಮನುಷ್ಯರು ಕೂಗ್ತಾರೆ."

ಅವ್ವನ ತಿಥಿ ಮುಗಿದ ಕೆಲವು ದಿನಕ್ಕೆ, ಸಂಜೆ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುವಾಗ, ಸೌಭಾಗ್ಯಳಿಗೆ ಆ ದನಿ ಕೇಳಿಸಿತ್ತು. 'ಸೌಭಾಗ್ಯಾ...' ಒಂದೇ ಸಲ. ಅವಳು ಬಟ್ಟೆ ಎದೆಗವಚಿಕೊಂಡು ಮೂರನೇ ಕೂಗಿಗೆ ಕಾದಳು. ಬರಲಿಲ್ಲ. 'ಒಂದೇ ಸಲ ಓ ಅಂದಿದ್ರೆ ಏನಾಗ್ತಿತ್ತು?' ಈ ಪ್ರಶ್ನೆ ಅವಳನ್ನು ಬಿಟ್ಟು ಹೋಗಿರಲಿಲ್ಲ.

ಆಟೋ ಪ್ರಕರಣವಾಗಿ ಸ್ವಲ್ಪ ದಿನಕ್ಕೆ ಚಹಾದ ಹೊತ್ತಿನಲ್ಲಿ ಶಶಿಧರ್ ಹತ್ತಿರ ಬಂದು ನಿಂತ. ಕಣ್ಣು ಕೆಂಪಾಗಿದ್ದವು.

"ಮಡಕಶಿರಾದೋರೆ... ಓದಿದೆರಿ."

"ಏನು?"

"ಇದ್ದಿಲ ಕೋಟೆ. ನಿಶಾಂತ ಸಾಯೋತನಕ. ಲೈಟ್ ಆರಿಸೋಕ ಹೆದರಿಕಿ ಆತು. ರೂಮಿನಾಗ ಇರೋರು ಬೈದ್ರು."

ಅವಳಿಗೆ ನಗು ತಡೆಯಲಾಗಲಿಲ್ಲ. "ಓದು ಅಂತ ಯಾರು ಹೇಳಿದ್ರು?"

"ನಿಮ್ಮನ್ನ ಅಷ್ಟು ಅಳಿಸಿದೋನು ಯಾವನು ಅಂತ ನೋಡಬೇಕಾಗಿತ್ತು," ಎಂದವನು, ಹೇಳಿದ ಮೇಲೆ ತಾನೇ ಗಾಬರಿಯಾಗಿ ಚಹಾ ಊದತೊಡಗಿದ. "ಒಂದು ಕೇಳ್ಲೇನ್ರಿ? ಅಷ್ಟು ಕತ್ತಲದ ಕಥಿ ಯಾಕ ಓದ್ತೀರಿ?"

ಈ ಪ್ರಶ್ನೆಯನ್ನು ಬೈಯದೆ ಕೇಳಿದವನು ಇವನೇ ಮೊದಲು. ಸೌಭಾಗ್ಯ ಯೋಚಿಸಿ ಹೇಳಿದಳು.

"ನಮ್ಮವ್ವ ಹೋದಾಗ ಎಲ್ರೂ ಅಳಬೇಡ ಅಂದ್ರು. ನಗ್ತಾ ಇರು, ಎಲ್ಲ ಸರಿಹೋಗ್ತದೆ ಅಂದ್ರು. ಆ ಕಥೇಲಿ ಯಾರೂ ಹಂಗನ್ನಲ್ಲ. ಅಲ್ಲಿ ಕತ್ಲೆ ಅಂದ್ರೆ ಕತ್ಲೆನೇ... ಅದಕ್ಕೆ ಅಲ್ಲಿ ಕೂತ್ಕೊಂಡ್ರೆ ನಂಗೆ ಒಬ್ಳೇ ಅನ್ಸಲ್ಲ."

ಶಶಿಧರ್ ಏನೂ ಸಮಾಧಾನ ಹೇಳಲಿಲ್ಲ. "ಹೌದ್ರಿ," ಎಂದ, ಅಷ್ಟೇ. ಆ ಒಂದು ಮಾತಿಗೆ ಅವಳ ಎದೆಯೊಳಗೆ ಏನೋ ಸಡಿಲವಾಯಿತು.

ಆಮೇಲೆ ದಿನವೂ ಅದೇ. ಅವಳ ಬಂಡಲ್ ಬೆಲ್ಟು, ಲೂಪು, ಜಿಪ್ಪು ಎಲ್ಲ ಮುಗಿಸಿ ಅವನ ಮಿಷನ್ ತಲುಪುವಾಗ ಸಂಜೆಯಾಗುತ್ತಿತ್ತು. ಆದರೆ ಅವರ ಮಾತು ಮಾತ್ರ ಬೆಳಗಿನ ಚಹಾಕ್ಕೇ ಶುರು.

"ನಿಶಾಂತ ಆಕಿ ಕೈ ಹಿಡಿಬೇಕಾಗಿತ್ತು ನೋಡ್ರಿ."

"ಹಿಡಿದ್ರೆ ಇದ್ದಿಲಾಗ್ತಾಳಲ್ಲ!"

"ಆಗಂಗಿಲ್ಲ ಅಂತ ನನಗನಸ್ತೈತಿ. ಒಮ್ಮಿನೂ ಹಿಡದು ನೋಡ್ಲೇ ಇಲ್ಲ ಅಂವ. ಹೆದ್ರಿ ಹೆದ್ರಿ ಸತ್ತ."

'ನೀನು ಹೆದರಲ್ವಾ?' ಎಂದು ಕೇಳಬೇಕೆನ್ನಿಸುತ್ತಿತ್ತು ಸೌಭಾಗ್ಯಳಿಗೆ. ಕೇಳುತ್ತಿರಲಿಲ್ಲ. ಅವನು ಬಹುವಚನ ಬಿಡಲಿಲ್ಲ, 'ಮಡಕಶಿರಾದೋರೆ' ಬಿಡಲಿಲ್ಲ. ಇವಳು ಕಾಯುವುದನ್ನು ಬಿಡಲಿಲ್ಲ.

ಕಾಯುತ್ತಿರುವಾಗಲೇ ಅಪ್ಪನ ಫೋನು ಬಂತು. "ಮಗಾ, ರೇಷ್ಮೆ ಹುಳ ಮೂರನೇ ಪೊರೆ ಬಿಟ್ಟು ಜ್ವರ ಎದ್ದೈತೆ. ಸೊಪ್ಪು ಹಾಕೋಕೆ ಕೈ ಸಾಲ್ದು. ಬಂದೋಗು."

ಮರುದಿನ ಬೆಳಿಗ್ಗೆ ಹೊರಡುತ್ತೇನೆಂದಾಗ ಶಶಿಧರನ ಮುಖ ಸಪ್ಪಗಾಯಿತು. "ಹೋಗೋಕ ಮೊದಲು ನಿಮಗ ಒಂದು ಮಾತು ಹೇಳ್ಬೇಕ್ರಿ. ಸಂಜಿಕ ಗೇಟಿನ ಹತ್ರ ನಿಂತಿರ್ರಿ. ಬರ್ತೀನಿ."

ಅಂದು ಅವಳು ಹೊಲಿದ ಜೇಬುಗಳು ಹೇಗಿದ್ದವೋ ದೇವರಿಗೇ ಗೊತ್ತು!

ಸಂಜೆ ಗೇಟಿನ ಬಳಿ ನಿಂತಳು. ಹೆಂಗಸರೆಲ್ಲ ಹೊರಟರು. ಶಶಿಧರ್ ಬರಲಿಲ್ಲ. ಒಳಗೆ ಮೇಸ್ತ್ರಿ ಅರ್ಜೆಂಟ್ ಮಾಲು ಎಂದು ಅವನನ್ನು ಮಿಷನ್ನಿಗೆ ಕಟ್ಟಿಹಾಕಿದ್ದು ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಬೀದಿಯ ಮಿಷನ್ನುಗಳ ಸದ್ದು ಒಮ್ಮೆಲೇ ನಿಂತಿತು.

'ಮರೆತಿರ್ತಾನೆ... ಹೇಳೋ ಮಾತೇ ಇರ್ಲಿಲ್ಲವೇನೋ!'

ತಲೆ ತಗ್ಗಿಸಿ ನಡೆದಳು. ಎದುರಿಗೆ ಕೋಟೆ ಬೆಟ್ಟ ಕಪ್ಪಾಗುತ್ತಿತ್ತು. ಆಗ, ಹಿಂದಿನಿಂದ...

"ಸೌಭಾಗ್ಯಾ..."

ಅವಳ ಕಾಲು ಅಲ್ಲೇ ನಿಂತುಬಿಟ್ಟವು.

ಯಾರು? ಈ ಊರಿನಲ್ಲಿ ಆ ಹೆಸರು ಕರೆಯುವವರು ಯಾರೂ ಇಲ್ಲ! ಶಶಿಧರನ ದನಿಯಂತಿದೆ... ಆದರೆ ಅವನು ಹೆಸರು ಹಿಡಿದವನೇ ಅಲ್ಲ. ತಾನು ಯಾರ ದನಿಗೆ ಹಂಬಲಿಸುತ್ತಿದ್ದಳೋ ಅದೇ ದನಿ, ಅದೇ ಮುಸ್ಸಂಜೆ, ಹಿಂದಿನಿಂದಲೇ. ಅಂದು ಅಂಗಳದಲ್ಲಿ ಆದದ್ದೂ ಇದೇ ಅಲ್ಲವೇ?

"ಸೌಭಾಗ್ಯಾ..."

'ಇನ್ನೊಂದ್ಸಲ,' ಅವಳ ಜೀವ ಬೇಡಿಕೊಂಡಿತು. 'ಇನ್ನೊಂದೇ ಒಂದ್ಸಲ ಕೂಗು. ಓಡಿ ಬರ್ತೀನಿ!'

ಕೂಗು ಬರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ತಿರುಗಿದಳು. ಬೀದಿ ಖಾಲಿಯಿತ್ತು. ಅವಳ ಕಣ್ಣು ತುಂಬಿತು. ಮತ್ತೆ ಭ್ರಮೆ! ಅವ್ವನ ದನಿಯ ಹಾಗೇ ಇದೂ ಭ್ರಮೆ. ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಊರಿಗೆ ಹೋದಳು.

ಫೋನ್ ನಂಬರ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಇಬ್ಬರ ಹತ್ತಿರವೂ ಇತ್ತು! 'ಹೇಳ್ತೀನಿ ಅಂದೋನು ಅವ್ನು, ಅವ್ನೇ ಮಾಡ್ಲಿ' ಎಂದು ಇವಳು. ಅವನು ಯಾಕೆ ಮಾಡಲಿಲ್ಲ ಎಂಬುದು ಆಮೇಲೆ ತಿಳಿಯುತ್ತದೆ. ಎರಡೂ ಫೋನುಗಳು ಎರಡೂರಲ್ಲಿ ಮೂಕವಾಗಿ ಬಿದ್ದಿದ್ದವು.

ರತ್ನಗಿರಿಯಲ್ಲಿ ಹುಳುಮನೆಯ ಕೆಲಸಕ್ಕೆ ಬಿಡುವಿಲ್ಲ. ಹಿಪ್ಪುನೇರಳೆ ಸೊಪ್ಪು ತರುವುದು, ಹಾಕುವುದು, ಹಿಕ್ಕೆ ತೆಗೆಯುವುದು. ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಬಿಟ್ಟರೆ ಮನೆಯಲ್ಲಿ ಮಾತೇ ಇಲ್ಲ. ಅಪ್ಪನದು ಮೊದಲೇ ಕಡಿಮೆ ಮಾತು.

ಇದ್ದಿಲ ಕೋಟೆಯ ಎರಡನೇ ಭಾಗ ಶುರುವಾಗಿತ್ತು. ನಿಶಾಂತ ಬೂದಿಯಿಂದ ಎದ್ದು ಬಂದಿದ್ದ. ಸೌಭಾಗ್ಯ ಓದಿದಳು. ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಒಂದು ಪುಟ ಓದಿ, 'ಇದನ್ನ ಅವ್ನಿಗೆ ಹೇಳ್ಬೇಕು' ಎಂದುಕೊಳ್ಳುವಳು. ಹೇಳಲು ಅವನಿಲ್ಲ. ಮೊದಲು ಆ ಕತ್ತಲೆಯಲ್ಲಿ ಒಬ್ಬಳೇ ಕೂತರೂ ನೆಮ್ಮದಿಯಿತ್ತು. ಒಮ್ಮೆ ಜೊತೆಗೊಬ್ಬರು ಬಂದು ಕೂತು ಎದ್ದು ಹೋದ ಮೇಲೆ, ಅದೇ ಕತ್ತಲೆ ಸಹಿಸಲಾಗುತ್ತಿರಲಿಲ್ಲ. ಫೋನು ಮಗುಚಿಟ್ಟು ಹುಳುಗಳ ಸದ್ದು ಕೇಳುತ್ತ ಕೂರುತ್ತಿದ್ದಳು.

ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಕದರಮ್ಮನ ಫೋನು ಬಂತು.

"ಏನೇ, ಆ ಕಾಜಾ ಹುಡುಗ ತಿರುಪ್ಪೂರಿಗೆ ಕೆಲಸಕ್ಕಂತ ಹೊಂಟಾನ. ನಾಳಿ ರಾತ್ರಿ. ನಗಂಗಿಲ್ಲ, ಮಾತಾಡಂಗಿಲ್ಲ. ನಾನೇ ಕುಂದ್ರಿಸಿ ಕೇಳಿದೆ. ನಿನ್ನ ಕರದ್ನಂತ, ನೀ ತಿರುಗಿ ಸೈತ ನೋಡ್ಲಿಲ್ಲಂತ!"

ಸೌಭಾಗ್ಯಳ ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು. "ಯಾವಾಗ ಅತ್ತೆ?"

"ನೀ ಊರಿಗೆ ಹೋಗೋ ಹಿಂದಿನ ಸಂಜಿ. ಕರೆಂಟ್ ಹೋದಾಗ ಓಡಿ ಬಂದು ಎರಡು ಸಲ ಕರದ್ನಂತ. ಕೇಳಿಸಿ ನಿಂತ್ಲು, ಆದ್ರ ತಿರುಗ್ಲಿಲ್ಲ ಅಂದ. ಮನಸ್ಸಿಲ್ಲದಾಕಿನ್ನ ನಡುಬೀದ್ಯಾಗ ಮೂರನೇ ಸಲ ಕರದ್ರ ಪೋಕರಿ ಆಗ್ತೀನಿ ಅಂತ ಹಿಂದಕ್ಕ ಹೋದ್ನಂತ."

"ಅತ್ತೆ... ಅದು ಅವ್ರೇನಾ? ನಿಜವಾಗ್ಲೂ ಅವ್ರೇನಾ?"

"ಮತ್ಯಾರೇ?"

"ನಾನು ಮೂರನೇ ಕೂಗಿಗೆ ಕಾಯ್ತಾ ಇದ್ದೆ ಅತ್ತೆ!" ಎಂದವಳಿಗೆ ಅಳು ಕಿತ್ತುಕೊಂಡು ಬಂತು.

ಆ ಕಡೆ ಕದರಮ್ಮ ಹಣೆ ಚಚ್ಚಿಕೊಂಡದ್ದು ಫೋನಿನಲ್ಲೂ ಕೇಳಿಸಿತು. "ಅಂವ ಮನುಷ್ಯ ಐದಾನೇ ತಾಯಿ, ದೆವ್ವ ಅಲ್ಲ!"

ಅಪ್ಪ ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುತ್ತಿದ್ದ. ಬಿದಿರಿನ ಆ ತಟ್ಟೆಯಲ್ಲಿ ಕೆಲವು ಆಗಲೇ ಗೂಡು ಕಟ್ಟತೊಡಗಿದ್ದವು. ಸೌಭಾಗ್ಯ ಬಂದು ಪಕ್ಕದಲ್ಲಿ ಕೂತಳು.

"ಅಪ್ಪ, ನಾಳೆ ನಾನು ರಾಯದುರ್ಗಕ್ಕೆ ಹೋಗ್ಬೇಕು."

"ಇನ್ನೂ ಹುಳ ಬಿಡೋದೈತಲ್ಲ. ಏನವಸರ?"

"ಒಬ್ರು ನನ್ನ ಕೂಗಿದ್ರು ಅಪ್ಪ. ನಾನು ಓ ಅನ್ಲಿಲ್ಲ. ಅವ್ವ ಹೇಳಿದ್ಲಲ್ಲ... ಮೂರನೇ ಕೂಗು ಅಂತ."

ಮರುಳಪ್ಪ ಮಗಳ ಮುಖ ನೋಡಿದ. ಅವನ ಮೀಸೆಯಡಿ ಸಣ್ಣ ನಗು ಬಂತು.

"ಅದನ್ನ ಯಾಕೆ ಹೇಳ್ತಿದ್ಲು ಗೊತ್ತೇನು? ನೀನು ಸಣ್ಣೋಳಿದ್ದಾಗ ಯಾರು ಕೂಗಿದ್ರೂ ಅವರ ಹಿಂದೆ ಓಡಿಬಿಡ್ತಿದ್ದೆ. ಕುರಿಯೋರ ಹಿಂದೆ ಒಂದ್ಸಲ ರೊಳ್ಳ ಊರಿನ ತನಕ ಹೋಗಿದ್ದೆ! ಹುಡುಕಿ ಹುಡುಕಿ ಸಾಕಾಗಿ ಕಟ್ಟಿದ ಕಥೆ ಅದು. ದೆವ್ವನೂ ಇಲ್ಲ, ಗಿವ್ವನೂ ಇಲ್ಲ."

"ಅಪ್ಪಾ..."

"ಹೋಗು ಮಗಾ. ಚಂದ್ರಿಕೆ ನಾನು ನೋಡ್ಕಂತೀನಿ."

ಪಾವಗಡದಲ್ಲಿ ಒಂದು ಬಸ್ಸು ತಪ್ಪಿತು. ಕಲ್ಯಾಣದುರ್ಗದಲ್ಲಿ ಇನ್ನೊಂದು ತಡವಾಯಿತು. ಫೋನ್ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಬೀದಿಯಲ್ಲಿ ಬಿದ್ದ ಮಾತನ್ನು ಬೀದಿಯಲ್ಲೇ ಎತ್ತಿಕೊಳ್ಳಬೇಕು ಅನ್ನಿಸಿತ್ತು. ರಾಯದುರ್ಗದಲ್ಲಿ ಇಳಿದಾಗ ಹೊತ್ತು ಮುಳುಗಿತ್ತು.

ಶೆಡ್ಡಿನ ಬೀದಿಗೆ ತಿರುಗುತ್ತಲೇ ಕಂಡ. ಹೆಗಲಿಗೆ ಚೀಲ ಹಾಕಿಕೊಂಡು, ಅವಳಿಗೆ ಬೆನ್ನಾಗಿ, ಒಬ್ಬನೇ ನಡೆದು ಹೋಗುತ್ತಿದ್ದ. ಎರಡೂ ಕಡೆ ಮಿಷನ್ನುಗಳು ಓಡುತ್ತಿದ್ದವು.

ಹೊರಟವರನ್ನು ಹಿಂದಿನಿಂದ ಕರೆಯಬಾರದು ಅನ್ನುತ್ತಾರೆ. ಅನ್ನಲಿ!

"ಶಶಿಧರ್..."

ಅವನ ಹೆಜ್ಜೆ ನಿಂತಿತು. ತಿರುಗಲಿಲ್ಲ.

"ಶಶಿಧರ್!"

ಕೇಳಿಸಿದೆ. ಖಂಡಿತ ಕೇಳಿಸಿದೆ. ಭುಜ ಅಲುಗಿದ್ದು ಕಂಡಿತು. ಆದರೂ ಅವನು ತಿರುಗಲಿಲ್ಲ.

ತನ್ನವರ ಬೆನ್ನು ನೋಡುತ್ತ ನಿಲ್ಲುವುದೆಂದರೆ ಇದೇನಾ? ಅಂದು ಅವನು ನಿಂತದ್ದೂ ಹೀಗೇನಾ? 'ಮನಸ್ಸು ಮುರಿದುಹೋಗಿದೆ... ನನ್ನ ಮುಖ ನೋಡೋಕೂ ಇಷ್ಟವಿಲ್ಲ ಅವ್ನಿಗೆ...' ವಾಪಸು ಹೋಗಿಬಿಡಲೇ ಎನ್ನಿಸಿತು. ಒಂದು ಹೆಜ್ಜೆ ಹಿಂದಿಟ್ಟಳು ಕೂಡ.

ಆಮೇಲೆ ಚೀಲ ಕೆಳಗೆ ಹಾಕಿ, ಬೀದಿಗೆ ಬೀದಿಯೇ ತಿರುಗುವಂತೆ ಕೂಗಿದಳು.

"ಶಶಿಧರ್!"

"ಓ!"

ಅವನು ತಿರುಗಿದ್ದ. ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

"ಮೂರನೇದು ಕರೀತೀರೋ ಇಲ್ಲೋ ಅಂತ ನಂಗ ಜೀವದಾಗ ಜೀವ ಇರ್ಲಿಲ್ರಿ! ಕದರಮ್ಮ ಎಲ್ಲ ಹೇಳ್ಯಾರ. ನೀವು ಬರ್ತೀರಿ ಅಂತನೂ ಹೇಳ್ಯಾರ. ಬಸ್‌ಸ್ಟ್ಯಾಂಡ್ ಕಡೀನ ಹೊಂಟಿದ್ದೆ, ಆ ತುದಿ ಸಂದಿ ಹಿಡದು."

"ಎರಡನೇದಕ್ಕೆ ತಿರುಗೋಕೇನಾಗಿತ್ತು?" ಅವಳು ಅಳುತ್ತಲೇ ಬೈದಳು. "ನನ್ ಜೀವ ಹೋಗಿತ್ತು!"

"ನಂದೂ ಹೋಗಿತ್ರಿ, ಆವತ್ತ."

"ತಪ್ಪಾಯ್ತು," ಎಂದಳು ಮೆಲ್ಲಗೆ. "ಅವ್ವ ಹೋದ್ಮೇಲೆ ಯಾರೂ ನನ್ನ ಹೆಸ್ರು ಕೂಗಿರ್ಲಿಲ್ಲ. ನಿಜ ಅಂತ ನಂಬೋಕಾಗ್ಲಿಲ್ಲ."

"ತಪ್ಪು ನಂದೂ ಐತ್ರಿ. ನಿಶಾಂತಗ ಬುದ್ಧಿ ಹೇಳ್ದೋನು ನಾನೇ ಹೆದ್ರಿಬಿಟ್ಟೆ."

"ತಿರುಪ್ಪೂರು?"

"ನೀವು ಹೂಂ ಅಂದ್ರ ಹೋಗಂಗಿಲ್ಲ." ಅವನು ಹೆಗಲ ಚೀಲ ಕೆಳಗಿಟ್ಟ. "ಆವತ್ತ ಹೇಳಬೇಕಂತಿದ್ದ ಮಾತು ಇದ ನೋಡ್ರಿ. ನೀವಂದ್ರ ನಂಗ ಭಾಳ ಇಷ್ಟ. ನಿಮ್ಮ ಜೋಡಿ ಬಾಳ್ವೆ ಮಾಡ್ಬೇಕಂತ ಆಸಿ ಐತಿ. ಕತ್ತಲದ ಕಥಿ ಇದ್ರೂ ಇರ್ಲಿ, ಇಬ್ರೂ ಕೂಡಿ ಓದೂಣು. ನಿಮ್ಮ ಅಪ್ಪಾರ್ನ ಕೇಳಾಕ ನಾನ ರತ್ನಗಿರಿಗೆ ಬರ್ತೀನಿ."

ಸೌಭಾಗ್ಯ ಕೈ ಮುಂದೆ ಚಾಚಿದಳು. ಅವನು ಹಿಡಿದ. ಕಾಜಾ ಹಾಕಿ ಹಾಕಿ ನೀಲಿಗಟ್ಟಿದ ಬೆರಳು, ಸೊಪ್ಪು ಮುರಿದು ಹಸಿರುಗಟ್ಟಿದ ಬೆರಳು.

"ನೋಡಿದ್ರೇನ್ರಿ," ಎಂದ. "ಇದ್ದಿಲಾಗ್ಲಿಲ್ಲ."

ಅವಳು ನಕ್ಕುಬಿಟ್ಟಳು.

"ನಂದೊಂದು ಬಾಕಿ ಐತಿ," ಎಂದ ಶಶಿಧರ್. "ಆ ಕಡೆ ತಿರುಗಿ ನಿಂದರ್ರಿ."

ಅವಳಿಗೆ ಅರ್ಥವಾಯಿತು. ಅವನಿಗೆ ಬೆನ್ನು ಮಾಡಿ ನಿಂತಳು. ಎದುರಿಗೆ ಕಪ್ಪಾದ ಬೆಟ್ಟ, ಮೇಲೆ ಕೋಟೆಯ ಗೋಡೆ.

"ಸೌಭಾಗ್ಯಾ..."

"ಓ!" ಎನ್ನುತ್ತ ತಿರುಗಿದಳು.

"ಇನ್ಮ್ಯಾಗ ಎಷ್ಟು ಸಲ ಕರೀಬೇಕ್ರಿ?"

"ಒಂದೇ ಸಲ ಸಾಕು," ಎಂದಳು ಸೌಭಾಗ್ಯ.